ತ್ರಿಕೋನದಲ್ಲಿ ಕಾಣೆಯಾದ ರಾಗಿ ಮೆದೆ

ಬೆಂಗಳೂರಿನಲ್ಲಿ ಕ್ಯಾಮೆರಾ ಕೊಂಡವರಿಗೆಲ್ಲ ಒಂದೇ ದೀಕ್ಷೆ. ಮೊದಲ ಬೋನಸ್ಸಿನಲ್ಲೋ, ಮದುವೆಗೆ ಮುಂಚಿನ ಕೊನೆಯ ದುಂದುವೆಚ್ಚವಾಗಿಯೋ ಒಂದು ಕ್ಯಾಮೆರಾ ಮನೆಗೆ ಬರುತ್ತೆ. ಎರಡು ವಾರ ಆಟೋ ಮೋಡ್‌ನಲ್ಲಿ ಪಕ್ಕದ ಮನೆ ನಾಯಿ, ಬಾಲ್ಕನಿಯ ತುಳಸಿ, ಹೆಂಡತಿ ಅಥವಾ ಗಂಡ, ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ ಫೋಟೋ ತೆಗೆದಾಗುತ್ತೆ. ಆಮೇಲೆ ಆಫೀಸಿನಲ್ಲಿ ಯಾರೋ ಸೀನಿಯರ್ ಹೇಳ್ತಾರೆ, "ಆಟೋದಲ್ಲಿ ತೆಗೆಯೋದಾದ್ರೆ ಫೋನೇ ಸಾಕಿತ್ತಲ್ಲಪ್ಪ." ಅಲ್ಲಿಗೆ ಮಾನ ಹೋಯ್ತು. ಮುಂದಿನ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಬಂಡೆ ಹತ್ತಿರ ವರ್ಕ್‌ಶಾಪು. ಮೊದಲ ಪಾಠವೇ ಒಂದು ತ್ರಿಕೋನ. ಒಂದು ಮೂಲೆಯಲ್ಲಿ ಅಪರ್ಚರ್, ಇನ್ನೊಂದರಲ್ಲಿ ಶಟರ್ ಸ್ಪೀಡ್, ಮೂರನೆಯದರಲ್ಲಿ ಐಎಸ್‌ಒ. ನಡುವೆ ದೇವರ ಹಾಗೆ ಕೂತಿರೋದು ಎಕ್ಸ್‌ಪೋಷರ್.

ನನ್ನ ತಕರಾರು ಈ ತ್ರಿಕೋನದ ಮೇಲೆ. ಅದು ಸುಳ್ಳು ಅಂತಲ್ಲ. ಅದು ಹೇಳೋ ಲೆಕ್ಕ ಸರಿಯಾಗೇ ಇದೆ. ಆದರೆ ಫೋಟೋಗ್ರಫಿ ಅನ್ನೋದು ಎಲ್ಲಿ ಶುರುವಾಗುತ್ತೋ ಅಲ್ಲಿಗೆ ಸರಿಯಾಗಿ ಅದು ಪಾಠ ಮುಗಿಸಿಬಿಡುತ್ತೆ. ಮುಗಿಸಿ, ಇನ್ನು ನೀವು ಕಲಿತ ಹಾಗೆ ಅಂತ ಬೆನ್ನು ತಟ್ಟಿ ಕಳಿಸುತ್ತೆ.

ಮೊದಲು ತ್ರಿಕೋನಕ್ಕೆ ನ್ಯಾಯ ಒದಗಿಸೋಣ. ಅಪರ್ಚರ್ ಅಂದ್ರೆ ಲೆನ್ಸಿನ ಒಳಗಿನ ಕಿಂಡಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು ಅಂದ ತಕ್ಷಣ ಹೊಸಬರಿಗೆ ತಲೆ ಕೆಡುತ್ತೆ. ಅದೊಂದು ಭಾಗಾಕಾರ ಅಷ್ಟೇ. ಲೆನ್ಸಿನ ಫೋಕಲ್ ಲೆಂಗ್ತನ್ನು ಕಿಂಡಿಯ ಅಗಲದಿಂದ ಭಾಗಿಸಿದರೆ ಬರೋದು ಎಫ್ ಸಂಖ್ಯೆ. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್/2 ಅಂದ್ರೆ 25 ಮಿಲಿಮೀಟರ್ ಕಿಂಡಿ, ಎಫ್/16 ಅಂದ್ರೆ ಸುಮಾರು 3 ಮಿಲಿಮೀಟರ್. ಶಟರ್ ಸ್ಪೀಡ್ ಅಂದ್ರೆ ಬೆಳಕು ಎಷ್ಟು ಹೊತ್ತು ಒಳಗೆ ಬಿದ್ದಿತು ಅನ್ನೋದು. ಐಎಸ್‌ಒ ಅಂದ್ರೆ ಬಂದ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನೋದು. ಒಂದರಲ್ಲಿ ಅರ್ಧ ಮಾಡಿದ್ದನ್ನು ಇನ್ನೊಂದರಲ್ಲಿ ಎರಡರಷ್ಟು ಮಾಡಿ ಸರಿದೂಗಿಸಬಹುದು. ತ್ರಿಕೋನ ಕಲಿಸೋದು ಇಷ್ಟೇ.

ಇದರಲ್ಲೂ ಒಂದು ಚಿಕ್ಕ ಮೋಸ ಇದೆ. ಮೂರೂ ಮೂಲೆಗಳು ಸಮಾನ ಅನ್ನೋ ಹಾಗೆ ಚಿತ್ರ ಬರೀತಾರೆ. ಬೆಳಕನ್ನು ಒಳಗೆ ಬಿಡೋದು ಎರಡೇ, ಕಿಂಡಿ ಮತ್ತು ಹೊತ್ತು. ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಏರಿಸಿದರೆ ಒಂದು ಹನಿ ಬೆಳಕೂ ಜಾಸ್ತಿ ಬರಲ್ಲ. ಹರಿಕಥೆ ದಾಸರ ಗಂಟಲು ಸಣ್ಣದಾಗಿದ್ದಾಗ ಮೈಕ್ ಸೆಟ್‌ನವನು ವಾಲ್ಯೂಮ್ ಏರಿಸ್ತಾನಲ್ಲ, ಹಾಗೆ. ದಾಸರ ಜೊತೆಗೆ ಗೊರಗೊರ ಅನ್ನೋದೂ ಜೋರಾಗಿ ಕೇಳುತ್ತೆ. ರಾತ್ರಿ ಫೋಟೋದಲ್ಲಿ ಕಾಣೋ ಕಾಳುಕಾಳು ನಾಯ್ಸ್‌ಗೆ ಮುಖ್ಯ ಕಾರಣ ಐಎಸ್‌ಒ ಏರಿಸಿದ್ದಲ್ಲ, ಬೆಳಕು ಕಡಿಮೆ ಬಿದ್ದದ್ದು. ಇದನ್ನು ಹೇಳದೆ "ಐಎಸ್‌ಒ 400 ದಾಟಬೇಡಿ" ಅಂತ ಹೆದರಿಸಿ ಕಳಿಸಿದರೆ, ಪಾಪ, ಆ ಹುಡುಗ ದೇವಸ್ಥಾನದ ಒಳಗೆ 1/8 ಸೆಕೆಂಡಿನಲ್ಲಿ ನಡುಗುವ ಕೈಯಿಂದ ಫೋಟೋ ತೆಗೆದು ಮನೆಗೆ ಬರ್ತಾನೆ. ನಾಯ್ಸ್ ಇರೋ ಫೋಟೋವನ್ನು ನೋಡಬಹುದು. ಅಲುಗಾಡಿದ ಫೋಟೋವನ್ನು ಏನು ಮಾಡ್ತೀರಿ?

ಅದಿರಲಿ. ದೊಡ್ಡ ತಕರಾರು ಬೇರೆ.

ಮೋಡ ಮುಸುಕಿದ ಒಂದು ಹಗಲು, ಐಎಸ್‌ಒ 200 ಅಂತ ಇಟ್ಕೊಳ್ಳಿ. ಎಫ್/2 ಮತ್ತು 1/2000, ಎಫ್/4 ಮತ್ತು 1/500, ಎಫ್/8 ಮತ್ತು 1/125, ಎಫ್/16 ಮತ್ತು 1/30. ಈ ನಾಲ್ಕರಲ್ಲೂ ಒಳಗೆ ಬೀಳೋ ಬೆಳಕು ಒಂದೇ. ತ್ರಿಕೋನದ ಕಣ್ಣಿಗೆ ನಾಲ್ಕೂ "ಸರಿ". ಆದರೆ ಇವು ಒಂದೇ ಫೋಟೋದ ನಾಲ್ಕು ಪ್ರತಿಗಳಲ್ಲ, ನಾಲ್ಕು ಬೇರೆ ಬೇರೆ ಫೋಟೋಗಳು. ಮೊದಲನೆಯದರಲ್ಲಿ ಎದುರಿಗಿರುವವರ ಕಣ್ಣು ಮಾತ್ರ ಚೂಪಾಗಿದ್ದು ಹಿಂದಿನ ಜಗತ್ತೆಲ್ಲ ಹಾಲಿನ ಕೆನೆಯ ಹಾಗೆ ಕರಗಿರುತ್ತೆ. ಕೊನೆಯದರಲ್ಲಿ ಅವರೂ ಇರ್ತಾರೆ, ಅವರ ಮನೆ, ಬೇಲಿ, ದೂರದ ಗುಡ್ಡ ಎಲ್ಲವೂ ಇರುತ್ತೆ, ಆದರೆ ಅಡ್ಡ ಓಡಿದ ಕೋಳಿ ಗೆರೆಯಾಗಿರುತ್ತೆ. ಯಾವುದು ಬೇಕು? ಇದಕ್ಕೆ ಲೆಕ್ಕದಲ್ಲಿ ಉತ್ತರ ಇಲ್ಲ. ಫೋಟೋದಲ್ಲಿ ಏನು ಉಳಿಯಬೇಕು, ಏನು ಅಳಿಸಿಹೋಗಬೇಕು ಅನ್ನೋ ನಿಮ್ಮ ಅಭಿಪ್ರಾಯದಲ್ಲಿ ಇದೆ. ಸೆಟ್ಟಿಂಗ್ ಅಂದ್ರೆ ಅಭಿಪ್ರಾಯ. ಈ ಒಂದು ಮಾತನ್ನು ಮೊದಲ ದಿನವೇ ಹೇಳಬೇಕಿತ್ತು.

ಹೇಳದೆ ಇದ್ದರೆ ಏನಾಗುತ್ತೆ? ಅಭಿಪ್ರಾಯವನ್ನು ಬೇರೆ ಯಾರೋ ನಮ್ಮ ಪರವಾಗಿ ಇಟ್ಟುಕೊಂಡುಬಿಡ್ತಾರೆ. ಈಗ ಆಗಿರೋದು ಅದೇ. ಕಿಟ್ ಲೆನ್ಸ್ ಆದಮೇಲೆ ಎಲ್ಲರೂ ಕೊಳ್ಳೋದು ಅಗ್ಗದ 50 ಮಿಲಿಮೀಟರ್ ಎಫ್/1.8 ಲೆನ್ಸು. ಕೊಂಡ ಮೇಲೆ ಅದು 1.8ರಿಂದ ಆಚೆ ಕದಲೋದೇ ಇಲ್ಲ. ಹಿನ್ನೆಲೆ ಮಸುಕಾದರೆ "ಪ್ರೊಫೆಷನಲ್" ಅಂತ ನಮಗೆ ಅಭ್ಯಾಸ ಮಾಡಿಸಿದ್ದಾರೆ. ಈಗ ಫೋನುಗಳ ಪೋರ್ಟ್ರೇಟ್ ಮೋಡ್ ಕೂಡ ಅದನ್ನೇ ಸಾಫ್ಟ್‌ವೇರಿನಲ್ಲಿ ನಕಲು ಮಾಡುತ್ತೆ, ಕೆಲವೊಮ್ಮೆ ಕಿವಿಯನ್ನೂ ಸೇರಿಸಿ ಮಸುಕು ಮಾಡುತ್ತೆ.

ಎರಡು ವರ್ಷದ ಹಿಂದೆ ಸುಗ್ಗಿ ಹೊತ್ತಿಗೆ ನನ್ನ ಆಫೀಸಿನ ಗೆಳೆಯ ಒಬ್ಬ ನಮ್ಮೂರಿಗೆ ಬಂದಿದ್ದ. ಒಳ್ಳೆ ಹುಡುಗ, ಒಳ್ಳೆ ಕ್ಯಾಮೆರಾ. ಕಣದಲ್ಲಿ ರಾಗಿ ಮೆದೆ ಪಕ್ಕ ನಿಂತಿದ್ದ ನಮ್ಮ ದೊಡ್ಡಮ್ಮನ ಫೋಟೋ ತೆಗೆದ. ಎಫ್/1.8. ಮುಖದ ಒಂದೊಂದು ಸುಕ್ಕೂ ಎಣಿಸಬಹುದು, ಅಷ್ಟು ಚೆಂದ. ಆಫೀಸಿನಲ್ಲಿ ಎಲ್ಲರೂ ವಾವ್ ಅಂದ್ರು. ಮುಂದಿನ ಸಲ ಪ್ರಿಂಟ್ ಹಾಕಿಸಿ ತಂದು ದೊಡ್ಡಮ್ಮನ ಕೈಗೆ ಕೊಟ್ಟ. ಅವರು ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ರು, ದೂರ ಹಿಡಿದು ನೋಡಿದ್ರು. "ಮುಖ ಏನೋ ಚೆನ್ನಾಗ್ ಬಂದೈತೆ. ಮೆದೆ ಎಲ್ಲೋಯ್ತಪ್ಪ?"

ಮಳೆ ಕೈಕೊಟ್ಟ ಎರಡು ವರ್ಷ ಆದಮೇಲೆ ಒಟ್ಟಿದ ಮೆದೆ ಅದು. ದೊಡ್ಡಮ್ಮ ಅವತ್ತು ಸೆರಗು ಸರಿಮಾಡಿಕೊಂಡು ನಿಂತದ್ದು ಮೆದೆ ಜೊತೆ ಫೋಟೋ ತೆಗೆಸಿಕೊಳ್ಳೋದಕ್ಕೆ. ಬಂದದ್ದು ಹಳದಿ ಮಂಜಿನ ಮುಂದೆ ಒಬ್ಬ "ಗ್ರಾಮೀಣ ವೃದ್ಧೆ". ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂವಿನ ಅಜ್ಜಿಯ ಸುಕ್ಕು ತೆಗೆಯೋರು, ಹಂಪಿಗೆ ಹೋಗಿ ಸಾಧುವಿನ ಗಡ್ಡ ತೆಗೆಯೋರು ಮಾಡೋದೂ ಇದನ್ನೇ. ಮಾರ್ಕೆಟ್ ಹೋಯ್ತು, ಹಂಪಿ ಹೋಯ್ತು, ಸುಕ್ಕು ಉಳೀತು. ಜನರಿಗೆ ಒಂದು ಜಾಗ ಇರುತ್ತೆ, ಕೆಲಸ ಇರುತ್ತೆ, ಹಿಂದೆ ಒಂದು ಗೋಡೆ, ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇರುತ್ತೆ. ಅದನ್ನೆಲ್ಲ ಕರಗಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಗೊತ್ತಿದ್ದು ಕರಗಿಸಿದರೆ ಅದು ಶೈಲಿ. ಲೆನ್ಸಿನಲ್ಲಿ ಅಷ್ಟು ಇದೆ ಅಂತ ಕರಗಿಸಿದರೆ ಅದು ಅಭ್ಯಾಸ ಅಷ್ಟೇ.

ಇದು ಹೊಸ ಜಗಳವೂ ಅಲ್ಲ. 1932ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕೆಲವು ಫೋಟೋಗ್ರಾಫರುಗಳು ಒಂದು ಗುಂಪು ಕಟ್ಟಿಕೊಂಡರು. ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್ ಅದರಲ್ಲಿದ್ದರು. ಗುಂಪಿನ ಹೆಸರು ಗ್ರೂಪ್ ಎಫ್/64. ಒಂದು ಕ್ಯಾಮೆರಾ ಸೆಟ್ಟಿಂಗನ್ನೇ ಹೆಸರಾಗಿ ಇಟ್ಟುಕೊಂಡಿದ್ದರು! ಅವರ ಕಾಲದಲ್ಲಿ ಫೋಟೋವನ್ನು ಪೇಂಟಿಂಗ್ ಥರ ಮೃದು, ಮಸುಕು ಮಾಡಿದರೆ ಮಾತ್ರ ಕಲೆ ಅನ್ನೋ ಚಾಳಿ ಇತ್ತು. ಇವರು ಅದಕ್ಕೆ ವಿರುದ್ಧ. ದೊಡ್ಡ ಕ್ಯಾಮೆರಾಗಳ ಅತಿ ಸಣ್ಣ ಕಿಂಡಿಯಾದ ಎಫ್/64 ಇಟ್ಟು, ಹತ್ತಿರದ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲ ಚೂಪಾಗಿ ಕಾಣಬೇಕು ಅಂದರು. ಅಪರ್ಚರ್ ಅವರಿಗೆ ಪ್ರಣಾಳಿಕೆ ಆಗಿತ್ತು. ನಮಗೆ ಅದು ತ್ರಿಕೋನದ ಒಂದು ಮೂಲೆ.

ನಮ್ಮ ಹತ್ತಿರದ ಉದಾಹರಣೆ ಬೇಕಿದ್ದರೆ ಮೈಸೂರಿನ ಟಿ.ಎಸ್. ಸತ್ಯನ್ ಇದ್ದಾರೆ. 1923ರಲ್ಲಿ ಹುಟ್ಟಿ 2009ರವರೆಗೆ ಬಾಳಿದ ಈ ಛಾಯಾಪತ್ರಕರ್ತರು ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಜನ ಎಲ್ಲಾದರೂ ಇರ್ತಾರೆ, ಏನಾದರೂ ಮಾಡ್ತಾ ಇರ್ತಾರೆ. ನೋಡುವಾಗ "ಸೆಟ್ಟಿಂಗ್ಸ್ ಏನು ಸರ್?" ಅನ್ನೋ ಪ್ರಶ್ನೆಯೇ ಹುಟ್ಟಲ್ಲ.

ಆ ಪ್ರಶ್ನೆ ಬಗ್ಗೆಯೂ ಒಂದು ಮಾತು. ಯಾವ ಫೋಟೋ ಪ್ರದರ್ಶನಕ್ಕೆ ಹೋದರೂ ಯಾರಾದರೂ ಕೇಳೇ ಕೇಳ್ತಾರೆ. ಎಫ್/8, 1/500, ಐಎಸ್‌ಒ 400 ಅಂತ ಬರ್ಕೊಂಡು ಹೋಗ್ತಾರೆ. ಅವತ್ತಿನ ಬೆಳಕು ಎಷ್ಟಿತ್ತು ಅಂತ ಮಾತ್ರ ಕೇಳಲ್ಲ. ಸಾರಿಗೆ ಎಷ್ಟು ಚಮಚ ಉಪ್ಪು ಅಂತ ಕೇಳಿ, ಎಷ್ಟು ಜನಕ್ಕೆ ಅಡುಗೆ ಅಂತ ಕೇಳದೆ ಹೋದ ಹಾಗೆ.

ಶಟರ್ ಕಥೆಯೂ ಅಪರ್ಚರಿನದೇ. ಯಕ್ಷಗಾನದ ಫೋಟೋ ತೆಗೆಯೋದನ್ನೇ ನೋಡಿ. ತೆಂಕುತಿಟ್ಟಿನ ವೇಷಧಾರಿ ದಿಗಿಣ ಹೊಡೀತಿದ್ದಾನೆ, ಗಿರಗಿರ ತಿರುಗ್ತಿದ್ದಾನೆ. 1/1000 ಇಟ್ಟರೆ ಗಾಳಿಯಲ್ಲಿ ನೇತುಹಾಕಿದ ಗೊಂಬೆ. ಒಂದೊಂದು ಮಣಿಯೂ ಕಾಣುತ್ತೆ, ಕುಣಿತ ಮಾತ್ರ ಕಾಣಲ್ಲ. 1/30 ಇಟ್ಟರೆ ಬಣ್ಣದ ಚಕ್ರ, ಅದೃಷ್ಟ ಇದ್ದರೆ ನಡುವೆ ಒಂದು ಮುಖ. ವೇಷದ ಬಗ್ಗೆ ಲೇಖನ ಬರೆಯೋರಿಗೆ ಮೊದಲನೆಯದು ಬೇಕು, ಚೆಂಡೆ ಕೇಳಿ ಮೈ ಜುಂ ಅಂದದ್ದನ್ನು ತೋರಿಸಬೇಕು ಅನ್ನೋರಿಗೆ ಎರಡನೆಯದು. "ಮೋಷನ್ ಫ್ರೀಜ್ ಆಗಬೇಕು, ಇಲ್ಲದಿದ್ರೆ ಫೋಟೋ ರಿಜೆಕ್ಟ್" ಅಂತ ಕಲಿಸಿದರೆ, ಒಂದು ಅಭಿಪ್ರಾಯವನ್ನು ನಿಯಮ ಅಂತ ಮಾರಿದ ಹಾಗಾಯ್ತು.

ತಮಾಷೆ ಏನಂದ್ರೆ, ಈ ತ್ರಿಕೋನ ಇಷ್ಟು ಜನಪ್ರಿಯ ಆಗೋದಕ್ಕೆ ನೆರವಾದ ಪುಸ್ತಕದಲ್ಲೇ ಇದೆಲ್ಲ ಇದೆ. ಬ್ರಯಾನ್ ಪೀಟರ್ಸನ್ ಬರೆದ 'ಅಂಡರ್‌ಸ್ಟ್ಯಾಂಡಿಂಗ್ ಎಕ್ಸ್‌ಪೋಷರ್' ಮೊದಲು ಬಂದದ್ದು 1990ರಲ್ಲಿ. ಹೊಸಬರಿಗೆ ಯಾವ ಪುಸ್ತಕ ಓದಲಿ ಅಂದರೆ ಇವತ್ತಿಗೂ ಮೊದಲು ಬರೋ ಹೆಸರು ಅದು. ಪೀಟರ್ಸನ್ ತ್ರಿಕೋನ ವಿವರಿಸ್ತಾರೆ ನಿಜ. ಆದರೆ ಅವರ ಮುಖ್ಯ ವಾದ ಬೇರೆ. ಯಾವುದೇ ದೃಶ್ಯಕ್ಕೆ ಅಪರ್ಚರ್ ಮತ್ತು ಶಟರಿನ ಕಡೇಪಕ್ಷ ಆರು ಜೋಡಿಗಳು ಸರಿಯಾದ ಬೆಳಕು ಕೊಡುತ್ತವೆ, ಅದರಲ್ಲಿ ಸೃಜನಶೀಲವಾಗಿ ಸರಿಯಾದದ್ದು ಒಂದು, ಹೆಚ್ಚೆಂದರೆ ಎರಡು ಅಂತ ಅವರು ಹೇಳೋದು. ಒಳ್ಳೆ ಪುಸ್ತಕ. ಅದರ ಮಿತಿ ಅಂದ್ರೆ, ಹೂವು, ಜಲಪಾತ, ಬಣ್ಣದ ಗೋಡೆಯಂಥ ಕಣ್ಣು ಸೆಳೆಯೋ ಚಿತ್ರಗಳ ಕಡೆಗೆ ಅದು ವಾಲುತ್ತೆ. ಎದುರಿಗೆ ಇರುವವರಿಗೆ ಆ ಫೋಟೋದಲ್ಲಿ ಏನು ಬೇಕು ಅನ್ನೋದು ಅಲ್ಲಿ ದೊಡ್ಡ ಪ್ರಶ್ನೆ ಆಗಲ್ಲ. ಆದರೂ "ಆರರಲ್ಲಿ ಒಂದು" ಅನ್ನೋ ಆ ವಾದ ಅಪ್ಪಟ ಚಿನ್ನ. ನಮ್ಮ ವರ್ಕ್‌ಶಾಪುಗಳು ಪುಸ್ತಕದಿಂದ ತ್ರಿಕೋನ ಕಿತ್ಕೊಂಡು ವಾದವನ್ನು ಅಲ್ಲೇ ಬಿಟ್ಟು ಬಂದವು.

ಇನ್ನು ಮ್ಯಾನುವಲ್ ಮೋಡ್. ಇದೊಂದು ಜಾತಿಪದ್ಧತಿ. ಆಟೋದವರು ಕೆಳಗೆ, ಅಪರ್ಚರ್ ಪ್ರಯಾರಿಟಿಯವರು ನಡುವೆ, ಮ್ಯಾನುವಲ್‌ನವರು ಗರ್ಭಗುಡಿಯಲ್ಲಿ. ಒಳಗೆ ನಡೆಯೋ ಪೂಜೆ ಏನು? ವ್ಯೂಫೈಂಡರಿನ ಕೆಳಗಿನ ಮೀಟರ್ ನೋಡೋದು, ಮುಳ್ಳು ಸೊನ್ನೆಗೆ ಬರೋವರೆಗೆ ಚಕ್ರ ತಿರುಗಿಸೋದು, ಕ್ಲಿಕ್ ಮಾಡೋದು. ಸ್ವಾಮಿ, ಇದನ್ನೇ ತಾನೇ ಕ್ಯಾಮೆರಾ ತಾನಾಗೇ, ನಿಮಗಿಂತ ಬೇಗ ಮಾಡ್ತಾ ಇದ್ದದ್ದು? ಮಷೀನಿನ ಕೆಲಸವನ್ನು ಕೈಯಲ್ಲಿ ಮಾಡಿದರೆ ಅದು ಕಲೆ ಆಗಲ್ಲ. ಮ್ಯಾನುವಲ್ ಬೇಕಾಗೋ ಜಾಗಗಳು ಇವೆ. ನಕ್ಷತ್ರ ತೆಗೆಯುವಾಗ, ಫ್ಲ್ಯಾಶ್ ಬಳಸುವಾಗ, ಕಪ್ಪು ಪರದೆಯ ಮುಂದೆ ಒಂದೇ ದೀಪದಲ್ಲಿ ನಾಟಕ ನಡೆಯುವಾಗ ಅದೇ ಸರಿ. ಅಲ್ಲಿ ಬೆಳಕು ಸ್ಥಿರವಾಗಿರುತ್ತೆ ಅಥವಾ ಮೀಟರನ್ನು ನಂಬೋ ಹಾಗಿರಲ್ಲ. ಉಳಿದ ಕಡೆ ಅಪರ್ಚರ್ ಪ್ರಯಾರಿಟಿಯಲ್ಲಿ ಆರಾಮಾಗಿ ಇರಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರಿಕ್ವೈರ್‌ಮೆಂಟ್ ಏನು ಅಂತಲೇ ಗೊತ್ತಿಲ್ಲದೆ ಕಾನ್ಫಿಗ್ ಫೈಲನ್ನು ಕೈಯಾರೆ ತಿದ್ದೋದಕ್ಕೆ ಯಾರೂ ಪ್ರಮೋಷನ್ ಕೊಡಲ್ಲ.

ಅಸಲಿಗೆ ಆ ಸೊನ್ನೆ ಅಂದ್ರೆ ಏನು ಅಂತ ಕೇಳಿದವರು ಎಷ್ಟು ಜನ? ಮೀಟರಿಗೆ ಎದುರಿಗಿರೋದು ಏನು ಅಂತ ಗೊತ್ತಿಲ್ಲ. ಅದು ನೋಡಿದ್ದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣ ಅಂತ ಊಹಿಸುತ್ತೆ. ಹಳೇ ಫೋಟೋಗ್ರಾಫರುಗಳು ಇಟ್ಟುಕೊಳ್ತಿದ್ದ ಗ್ರೇ ಕಾರ್ಡ್ ಇದೇ ಊಹೆಯದು, ಬಿದ್ದ ಬೆಳಕಿನ ಶೇಕಡಾ 18ರಷ್ಟನ್ನು ವಾಪಸ್ ಕಳಿಸೋ ಬೂದು. ಕೆರೆಯಲ್ಲಿ ಒಂದು ಎಮ್ಮೆ, ಎಮ್ಮೆ ಮೇಲೆ ಒಂದು ಬೆಳ್ಳಕ್ಕಿ ಕೂತಿದೆ ಅಂದ್ಕೊಳ್ಳಿ. ಬರೀ ಎಮ್ಮೆಯನ್ನು ಫ್ರೇಮ್ ತುಂಬ ತೆಗೆದು ಮುಳ್ಳನ್ನು ಸೊನ್ನೆಗೆ ತಂದರೆ ಎಮ್ಮೆ ಬೂದು. ಬರೀ ಬೆಳ್ಳಕ್ಕಿಯನ್ನು ತೆಗೆದರೆ ಅದೂ ಬೂದು. ಎಮ್ಮೆ ಕಪ್ಪಾಗಿ ಬರಬೇಕಂದ್ರೆ ಸೊನ್ನೆಯಿಂದ ಕೆಳಗೆ, ಬೆಳ್ಳಕ್ಕಿ ಬೆಳ್ಳಗೆ ಬರಬೇಕಂದ್ರೆ ಸೊನ್ನೆಯಿಂದ ಮೇಲೆ ಹೋಗಬೇಕು. ಅದಕ್ಕಂತಲೇ ಕ್ಯಾಮೆರಾದಲ್ಲಿ ಪ್ಲಸ್ ಮೈನಸ್ ಇರೋ ಒಂದು ಬಟನ್ ಇದೆ. ಅದರ ಹೆಸರು ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಕ್ಯಾಮೆರಾಗೆ "ನೀನು ತಿಳ್ಕೊಂಡಿದ್ದು ತಪ್ಪು" ಅಂತ ಹೇಳೋ ಬಟನ್ ಅದು. ಪಾಠಗಳಲ್ಲಿ ಅದು ಬರೋದು ಕೊನೆಗೆ, ಊಟದ ಬಿಡುವಿಗೆ ಐದು ನಿಮಿಷ ಇರುವಾಗ.

ಎಮ್ಮೆಗೂ ಬೆಳ್ಳಕ್ಕಿಗೂ ಬೇಜಾರಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತು ಬೇರೆ ಆಗುತ್ತೆ. ಬಿಳಿ ಪಂಚೆ, ಬಿಳಿ ಅಂಗಿ, ಕಪ್ಪು ಮೈಬಣ್ಣದ ಒಬ್ಬ ರೈತ, ಹಿಂದೆ ಬೆಳಗುವ ಆಕಾಶ. ಮೀಟರ್ ಬಿಳಿಯನ್ನೆಲ್ಲ ನೋಡಿ ಬೆಳಕು ಇಳಿಸುತ್ತೆ, ಮುಖ ಇದ್ದಿಲಾಗುತ್ತೆ. ಕಣ್ಣೆಲ್ಲಿ ಮೂಗೆಲ್ಲಿ ಗೊತ್ತಾಗಲ್ಲ. ಹಾಗಾದಾಗ "ಇವರು ಕಪ್ಪು, ಫೋಟೋಗೆ ಬರಲ್ಲ" ಅಂತ ತಪ್ಪನ್ನು ಮುಖದ ಮೇಲೆ ಹಾಕೋದು ನಮ್ಮ ಸಂಪ್ರದಾಯ. ಆಮೇಲೆ ಅದಕ್ಕೆ ಔಷಧಿ ಅಂತ ಸಾಫ್ಟ್‌ವೇರಿನಲ್ಲಿ ಮುಖ ಬೆಳ್ಳಗೆ ಮಾಡೋದು. ನಮ್ಮ ಮದುವೆ ಆಲ್ಬಮ್ಮುಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಸ್ವಂತ ಬಣ್ಣದಲ್ಲಿದ್ದಾರೆ, ಹೇಳಿ ನೋಡೋಣ?

ಫಿಲ್ಮಿನ ಕಾಲದಲ್ಲೇ ಇದರ ಕಥೆ ಇದೆ. 1950ರ ದಶಕದಿಂದ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳೋದಕ್ಕೆ ಒಂದು ಮಾದರಿ ಚಿತ್ರ ಕಳಿಸ್ತಿತ್ತು. 'ಶರ್ಲಿ ಕಾರ್ಡ್' ಅಂತ ಅದಕ್ಕೆ ಹೆಸರು. ಅದರಲ್ಲಿದ್ದದ್ದು ಒಬ್ಬ ಬಿಳಿಯ ಮಹಿಳೆ. ಅವಳ ಚರ್ಮ ಸರಿ ಬಂದರೆ ಪ್ರಿಂಟ್ ಸರಿ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಕಂದು ಬಣ್ಣಗಳು ಸರಿಯಾಗಿ ಬರ್ತಿಲ್ಲ ಅಂತ ಕೊಡಾಕ್‌ಗೆ ದೂರು ಕೊಟ್ಟು ಬದಲಾವಣೆಗೆ ಕಾರಣರಾದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣದ ಕಂಪನಿಗಳು ಇದ್ದವಂತೆ. ಮನುಷ್ಯರಿಗಿಂತ ಮೊದಲು ಕುರ್ಚಿಗೆ ನ್ಯಾಯ ಸಿಕ್ಕಿತು ನೋಡಿ. 2021ರಲ್ಲಿ ಗೂಗಲ್ ಪಿಕ್ಸೆಲ್ 6 ಫೋನಿನ ಜೊತೆ 'ರಿಯಲ್ ಟೋನ್' ಅಂತ ತಂದು, ಕಪ್ಪು ಕಂದು ಚರ್ಮಗಳೂ ನಿಜ ಬಣ್ಣದಲ್ಲಿ ಬರೋ ಹಾಗೆ ಮಾಡ್ತೀವಿ ಅಂತ ಹೇಳಿಕೊಂಡಿತು. ಡೀಫಾಲ್ಟ್ ಅನ್ನೋದು ಆಕಾಶದಿಂದ ಬಿದ್ದದ್ದಲ್ಲ ಅಂತ ಸಾಫ್ಟ್‌ವೇರಿನಲ್ಲಿ ಇರೋ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾವುದೋ ಮೀಟಿಂಗಿನಲ್ಲಿ ಯಾರೋ ನಮ್ಮಂಥವರೇ ಇಟ್ಟ ಬೆಲೆ ಅದು.

ಮತ್ತೆ ಆನ್ಸೆಲ್ ಆಡಮ್ಸ್ ಹತ್ತಿರ ಬರ್ತೀನಿ. ಅವರೂ ಫ್ರೆಡ್ ಆರ್ಚರ್ ಅನ್ನೋರೂ ಸೇರಿ ರೂಪಿಸಿದ ಝೋನ್ ಸಿಸ್ಟಮ್ ನೋಡೋಕೆ ಭಾರಿ ಗಣಿತ. ಸಾರ ಮಾತ್ರ ಸರಳ. ಮೀಟರ್ ಹೇಳೋದು ಐದನೇ ಝೋನ್, ಅಂದ್ರೆ ಮಧ್ಯಮ ಬೂದು. ಎದುರಿಗಿರೋ ಬಂಡೆ ಫೋಟೋದಲ್ಲಿ ಎಷ್ಟು ಕಪ್ಪಾಗಿರಬೇಕು ಅಂತ ನೀನು ಮೊದಲು ನಿರ್ಧರಿಸು, ಲೆಕ್ಕ ಆಮೇಲೆ ಮಾಡು. 1941ರ ನವೆಂಬರಿನ ಒಂದು ಸಂಜೆ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಅನ್ನೋ ಹಳ್ಳಿಯ ಪಕ್ಕ ಕಾರಿನಲ್ಲಿ ಹೋಗ್ತಿದ್ದಾಗ ಅವರಿಗೆ ಚಂದ್ರೋದಯ ಕಾಣಿಸಿತು. ಕೆಳಗೆ ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಮುಳುಗೋ ಸೂರ್ಯನ ಕೊನೆಯ ಬೆಳಕು. ಗಡಿಬಿಡಿಯಲ್ಲಿ ಲೈಟ್ ಮೀಟರೇ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಅನ್ನೋದು ಅವರಿಗೆ ನೆನಪಿತ್ತು. ಚಂದ್ರ ಚಿತ್ರದಲ್ಲಿ ಎಷ್ಟು ಬೆಳ್ಳಗಿರಬೇಕು ಅಂತ ತೀರ್ಮಾನಿಸಿ, ಅಲ್ಲಿಂದ ಲೆಕ್ಕ ಹಾಕಿ, ಎಫ್/32ರಲ್ಲಿ ಒಂದು ಸೆಕೆಂಡ್ ಕೊಟ್ಟರು. ಇನ್ನೊಂದು ತೆಗೆಯೋಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಹೋಗಿತ್ತು. ಈ ಕಥೆಯನ್ನು ಎಲ್ಲರೂ "ನೋಡಿ, ಎಂಥಾ ಮ್ಯಾನುವಲ್ ಪ್ರತಿಭೆ" ಅಂತ ಹೇಳ್ತಾರೆ. ನನಗೆ ಕಾಣೋದು ಬೇರೆ. ಆ ಮನುಷ್ಯನ ಹತ್ತಿರ ಮೀಟರ್ ಇರಲಿಲ್ಲ, ಚಂದ್ರನ ಬಗ್ಗೆ ಒಂದು ಅಭಿಪ್ರಾಯ ಇತ್ತು.

ಹಾಗಾದ್ರೆ ಹೇಗೆ ಕಲೀಬೇಕು? ಕ್ರಮ ತಿರುಗಿಸಿದರೆ ಸಾಕು. ಮೊದಲ ವಾರ ಆಟೋ ಅಥವಾ ಪಿ ಮೋಡ್‌ನಲ್ಲೇ ಇರಿ, ಮರ್ಯಾದೆ ಹೋಗಲ್ಲ. ಬರೀ ಪ್ಲಸ್ ಮೈನಸ್ ಬಟನ್ ಮಾತ್ರ ಮುಟ್ಟಿ. ಬಿಳಿ ಗೋಡೆ, ಕಪ್ಪು ನಾಯಿ, ನಿಮ್ಮನೆಯವರ ಮುಖ, ಪ್ರತಿಯೊಂದನ್ನೂ ಮೈನಸ್ ಒಂದು, ಸೊನ್ನೆ, ಪ್ಲಸ್ ಒಂದರಲ್ಲಿ ತೆಗೆದು ಯಾವುದು ಅವರ ನಿಜ ಬಣ್ಣ ಅಂತ ಅವರನ್ನೇ ಕೇಳಿ. ಎರಡನೇ ವಾರ ಅಪರ್ಚರ್ ಪ್ರಯಾರಿಟಿ, ಅಂದ್ರೆ ಕ್ಯಾನನ್‌ನಲ್ಲಿ ಎವಿ, ನಿಕಾನ್‌ನಲ್ಲಿ ಎ. ಒಬ್ಬರನ್ನೇ ಅವರ ಕೆಲಸದ ಜಾಗದಲ್ಲಿ ನಿಲ್ಲಿಸಿ ಎಫ್/2, ಎಫ್/5.6, ಎಫ್/11ರಲ್ಲಿ ತೆಗೆಯಿರಿ. ಐಎಸ್‌ಒ ಆಟೋದಲ್ಲಿರಲಿ, ಹೆದರಬೇಡಿ. ಮೂರನೇ ವಾರ ಶಟರ್ ಪ್ರಯಾರಿಟಿ. ರಸ್ತೆ ಬದಿ ನಿಂತು ಬಿಎಂಟಿಸಿ ಬಸ್ಸನ್ನು 1/1000ದಲ್ಲೂ 1/30ರಲ್ಲೂ ತೆಗೆಯಿರಿ. ತ್ರಿಕೋನ ನಾಲ್ಕನೇ ವಾರಕ್ಕೆ ಬರಲಿ. ಅಷ್ಟು ಹೊತ್ತಿಗೆ ಅದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ, ಅರ್ಧ ಗಂಟೆಯಲ್ಲಿ ತಾನಾಗೇ ಅರ್ಥ ಆಗುತ್ತೆ.

ವರ್ಕ್‌ಶಾಪ್ ನಡೆಸೋರಿಗೆ ಒಂದು ಕೋರಿಕೆ. ಮುಂದಿನ ಭಾನುವಾರ ಮೊದಲ ಸ್ಲೈಡಿನಲ್ಲಿ ತ್ರಿಕೋನದ ಬದಲು ಒಬ್ಬರದೇ ಮೂರು ಫೋಟೋ ಹಾಕಿ. ಬೆಳಕು ಮೂರರಲ್ಲೂ ಒಂದೇ ಇರಲಿ, ಅಪರ್ಚರ್ ಬೇರೆ ಬೇರೆ ಇರಲಿ. ಬಂದವರನ್ನು ಕೇಳಿ, ಇವರು ಯಾರು, ಏನು ಕೆಲಸ ಮಾಡ್ತಾರೆ, ಯಾವುದರಲ್ಲಿ ನಿಮಗೆ ಗೊತ್ತಾಯ್ತು ಅಂತ. ಸಾಧ್ಯವಾದರೆ ಫೋಟೋದಲ್ಲಿರುವವರನ್ನೂ ಕರೆಸಿ. ಅವರಿಗೆ ಯಾವುದು ಇಷ್ಟ ಅಂತ ಅವರೇ ಹೇಳಲಿ.